ಬೋರಿನೊಳಗಿನ ಇತಿಹಾಸ: ತ್ರ್ಯಂಬಕದ ದಾರಿಯಲ್ಲಿ ನಿಂತುಹೋದ ಯೆಜ್ಡಿ

(ಈ ವಾರದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ.)

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಒಂದು ಪಿಸ್ಟನ್ ಕಥೆ ಹೇಳ್ತೀನಿ. ಅಂಗೈಯಲ್ಲಿ ಹಿಡಿಯುವಷ್ಟು ಅಲ್ಯೂಮಿನಿಯಂ ಡಬ್ಬಿ. ಅದರಲ್ಲಿ ಇತಿಹಾಸ ಏನಿರುತ್ತೆ ಅಂತ ನೀವು ಕೇಳಬಹುದು. ಆರು ತಿಂಗಳ ಹಿಂದೆ ನಾನೂ ಅದನ್ನೇ ಕೇಳ್ತಿದ್ದೆ.

ನಮ್ಮಪ್ಪ ಕೆಇಬಿಯಲ್ಲಿದ್ದರು, ಹುಣಸೂರು ಕಡೆ. 1984ರಲ್ಲಿ ಮೈಸೂರಿನಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ತಗೊಂಡರು. ಮೀಟರ್ ರೀಡಿಂಗ್ ಬರೆಯೋ ಇಲಾಖೆಯವರಲ್ವಾ, ಗಾಡಿಗೂ ಒಂದು ನೋಟ್‌ಬುಕ್ ಇಟ್ಟಿದ್ದರು. ಯಾವತ್ತು ಎಷ್ಟು ಪೆಟ್ರೋಲ್, ಎಷ್ಟು ಆಯಿಲ್, ಎಲ್ಲಿ ಪಂಕ್ಚರ್, ಎಲ್ಲವೂ ಅದರಲ್ಲಿದೆ. ಹೋದ ವರ್ಷ ಅವರು ತೀರಿಕೊಂಡರು. ಗಾಡಿಯನ್ನೂ ನೋಟ್‌ಬುಕ್ಕನ್ನೂ ನಾನು ಪುಣೆಗೆ ತಂದೆ. ತ್ರ್ಯಂಬಕೇಶ್ವರದಲ್ಲಿ ಅವರ ಹೆಸರಿನಲ್ಲಿ ಶ್ರಾದ್ಧ ಮಾಡಿಸಬೇಕು ಅನ್ನೋದು ಅಮ್ಮನ ಆಸೆ. ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಟ್ಯಾಕ್ಸಿಗೆ ಹತ್ತಿಸಿ, ನಾನು ಅಪ್ಪನ ಗಾಡಿಯಲ್ಲೇ ಬರ್ತೀನಿ ಅಂತ ಹೊರಟೆ.

ಸಿನ್ನರ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಆಫೀಸಿನಿಂದ ಫೋನ್ ಬಂತು. ಪ್ರೊಡಕ್ಷನ್‌ನಲ್ಲಿ ಏನೋ ಬಿದ್ದುಹೋಗಿದೆ, ಐದು ನಿಮಿಷ ಕಾಲ್‌ಗೆ ಬಾ ಅಂತ. ಆ ಐದು ನಿಮಿಷ ಎಷ್ಟು ಹೊತ್ತು ಆಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಾತಾಡ್ತಾ ಮಾತಾಡ್ತಾ ಟ್ಯಾಂಕ್ ತುಂಬಿಸಿ, ಮುಚ್ಚಳ ಹಾಕಿ ಹೊರಟುಬಿಟ್ಟೆ. ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸೋದೇ ಮರೆತೆ. ದಿನವೂ ಫೋರ್ ಸ್ಟ್ರೋಕ್ ಓಡಿಸುವವನ ಕೈಗೆ ಆ ಅಭ್ಯಾಸ ಎಲ್ಲಿರುತ್ತೆ?

ನಾಸಿಕ್ ದಾಟಿ, ಅಂಜನೇರಿ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಎಂಜಿನ್ ಶಬ್ದ ಬಿಗಿಯಾಯಿತು. ಆಮೇಲೆ ಹಿಂದಿನ ಚಕ್ರ ಹಿಡಿದುಕೊಂಡು 'ಕಿರ್ರ್' ಅಂತು. ಕ್ಲಚ್ ಹಿಡಿದು ಹೇಗೋ ರಸ್ತೆ ಪಕ್ಕಕ್ಕೆ ತಂದೆ. ಅಲ್ಲಿದ್ದ ಕಬ್ಬಿನ ಹಾಲಿನವನು ಬಂದು ನೋಡಿ ಒಂದೇ ಮಾತು ಹೇಳಿದ: "ಇಂಜಿನ್ ಜಾಮ್ ಝಾಲಂ." ಹನುಮಂತ ಹುಟ್ಟಿದ್ದು ಈ ಅಂಜನೇರಿಯಲ್ಲೋ ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲೋ ಅಂತ 2022ರಲ್ಲಿ ಇದೇ ನಾಸಿಕ್‌ನಲ್ಲಿ ಸಾಧುಗಳು ಸೇರಿ ಜೋರು ವಾದ ಮಾಡಿದ್ದರು. ನಾನು ಮಾತ್ರ ಆ ಹೊತ್ತಿಗೆ ಎರಡೂ ಬೆಟ್ಟದ ಹನುಮಪ್ಪನಿಗೆ ಕೈ ಮುಗಿದೆ.

ಫೋನ್ ಮಾಡಿದರೆ ಅಮ್ಮ ಸ್ವಲ್ಪವೂ ಗಾಬರಿಯಾಗಲಿಲ್ಲ. "ನಿಮ್ಮಪ್ಪಂಗೂ ಹಿಂಗೇ ಆಗಿತ್ತು ಕಣೋ, ಮೂಡಿಗೆರೆ ಹತ್ರ. ಬುಕ್ಕಲ್ಲಿ ಬರ್ದಿರ್ತಾರೆ ನೋಡು" ಅಂದರು.

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಯಾಕಿಷ್ಟು ಮಹತ್ವ?

ನಾವು ಇವತ್ತು ಓಡಿಸೋ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡೋದಕ್ಕೆ, ಹೊಗೆ ಹೊರಗೆ ಬಿಡೋದಕ್ಕೆ ಬೇರೆ ಬೇರೆ ವಾಲ್ವ್‌ಗಳಿವೆ. ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಆ ಕಿಟಕಿಗಳನ್ನು ತಾನೇ ತೆರೆಯುತ್ತೆ, ತಾನೇ ಮುಚ್ಚುತ್ತೆ. ಮನೆಯ ಯಜಮಾನನೂ ಅದೇ, ಬಾಗಿಲು ಕಾಯೋನೂ ಅದೇ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸಲ ಈ ಕೆಲಸ ಆಗ್ತಿರುತ್ತೆ.

ಅದಕ್ಕೆ ಸಿಗುವ ಎಣ್ಣೆ ಎಂದರೆ ಪೆಟ್ರೋಲ್‌ನಲ್ಲಿ ನಾವು ಬೆರೆಸಿದ್ದಷ್ಟೇ. ಪಿಸ್ಟನ್ ಅಲ್ಯೂಮಿನಿಯಂನದು, ಸಿಲಿಂಡರ್‌ನ ಒಳಗೋಡೆ ಬೀಡು ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತೆ, ಬೀಡು ಕಡಿಮೆ ಹಿಗ್ಗುತ್ತೆ. ಎರಡರ ನಡುವೆ ಇರೋ ಜಾಗ ಒಂದು ಕೂದಲಿನ ದಪ್ಪದ ಆಸುಪಾಸು. ಎಣ್ಣೆ ಇಲ್ಲದೆ ಬಿಸಿ ಏರಿದರೆ ಆ ಜಾಗವೂ ಹೋಗುತ್ತೆ, ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತೆ. ಇದನ್ನೇ ಸೀಜ್ ಅನ್ನೋದು. ತಣ್ಣಗಾದ ಮೇಲೆ ಬಿಟ್ಟುಕೊಳ್ಳಬಹುದು, ಆದರೆ ಅಷ್ಟರಲ್ಲಿ ಗೋಡೆಯ ಮೇಲೆ ಗೀರು ಬಿದ್ದಿರುತ್ತೆ.

ಗೀರು ಬಿದ್ದರೆ ಪರಿಹಾರ ಬೋರಿಂಗ್. ಗೋಡೆಯನ್ನು ಒಂದು ಅಳತೆ ಹೆಚ್ಚು ಕೆತ್ತಿ ನುಣುಪು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕೋದು. ಈ ದೊಡ್ಡ ಪಿಸ್ಟನ್‌ಗಳು ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಹೆಜ್ಜೆಯಲ್ಲಿ ಬರುತ್ತವೆ: 0.25, 0.50, 0.75, 1.00. ಹಾಗಾಗಿ ಒಂದು ಸಿಲಿಂಡರ್‌ಗೆ ಇಂತಿಷ್ಟೇ ಆಯುಷ್ಯ. ಪ್ರತಿ ಸಲ ಬೋರ್ ಮಾಡಿಸಿದಾಗಲೂ ಅದರಲ್ಲೊಂದು ಭಾಗ ಖರ್ಚಾಗುತ್ತೆ.

ಅವತ್ತು ರಾತ್ರಿ ತ್ರ್ಯಂಬಕದ ಲಾಡ್ಜ್‌ನಲ್ಲಿ ಕೂತು ಅಪ್ಪನ ನೋಟ್‌ಬುಕ್ ತೆಗೆದೆ. ಅಮ್ಮ ಹೇಳಿದ್ದು ನಿಜ, ಎಲ್ಲಾ ಬರೆದಿದ್ದರು. ಒಂದೊಂದು ಅಳತೆಯ ಎದುರಿಗೆ ಒಂದೊಂದು ವರ್ಷ ಇತ್ತು. ನಾನು ಇಷ್ಟು ವರ್ಷ ಪುಸ್ತಕಗಳಲ್ಲಿ ಓದಿದ್ದ ಒಂದು ಕೈಗಾರಿಕೆಯ ಇತಿಹಾಸ ನಮ್ಮ ಮನೆ ಗಾಡಿಯ ಬೋರಿನೊಳಗೇ ಇತ್ತು.

ಸ್ಟ್ಯಾಂಡರ್ಡ್, 1984

ಮೊದಲ ಪುಟ: "65 ಮಿ.ಮೀ., ಸ್ಟ್ಯಾಂಡರ್ಡ್." ಈ 65 ಮಿಲಿಮೀಟರ್ ಎಲ್ಲಿಂದ ಬಂತು? ಅದಕ್ಕೆ ಪ್ರಾಗ್‌ಗೆ ಹೋಗಬೇಕು. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ಹಕ್ಕು ಕೊಂಡ. ತನ್ನ ಹೆಸರಿನ 'ಯಾ', ವಾಂಡರರ್‌ನ 'ವಾ' ಸೇರಿಸಿದ. ಅವರು 'ಯಾವಾ' ಅಂದರು, ನಾವು 'ಜಾವಾ' ಅಂದೆವು.

ಮುಂಬಯಿಯಲ್ಲಿ ಇರಾನಿ ಮನೆತನದವರು ಈ ಗಾಡಿಗಳನ್ನು ಆಮದು ಮಾಡಿ ಮಾರ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆಮದಿಗೆ ಕಡಿವಾಣ ಬಿತ್ತು. ಮಾರಬೇಕಾದರೆ ಇಲ್ಲೇ ಮಾಡಿ ಅನ್ನೋ ಕಾಲ ಅದು. ಮದ್ರಾಸಿನಲ್ಲಿ ಎನ್‌ಫೀಲ್ಡ್ 1955ರಲ್ಲೇ ಶುರುವಾಗಿತ್ತು. ರುಸ್ತುಮ್ ಇರಾನಿ ಮತ್ತು ಫರೂಖ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ರೇಷ್ಮೆ, ಗಂಧದೆಣ್ಣೆ, ಮಲ್ಲಿಗೆಯ ಊರಿಗೆ ಟೂ ಸ್ಟ್ರೋಕ್ ಹೊಗೆಯ ವಾಸನೆಯೂ ಸೇರಿಕೊಂಡಿತು.

65 ಮಿಲಿಮೀಟರ್ ಅಗಲದ ಬೋರ್, 75 ಮಿಲಿಮೀಟರ್ ಸ್ಟ್ರೋಕ್. ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಚೆಕ್ ದೇಶದ ಅಳತೆ ಮೈಸೂರಿಗೆ ಬಂದು ನೆಲೆ ನಿಂತಿತು. 1973ರಿಂದ ಗಾಡಿಗೆ 'ಯೆಜ್ಡಿ' ಅಂತ ಹೆಸರಾಯಿತು. ಇರಾನಿನ ಯಜ್ದ್ ಪಟ್ಟಣ ಜರತುಷ್ಟ್ರ ಧರ್ಮದವರ ಹಳೇ ನೆಲೆ. ಹೆಸರು ಅದನ್ನು ನೆನಪಿಸುತ್ತೆ. ಒಂದು ಗಾಡಿಯಲ್ಲಿ ಪ್ರಾಗ್, ಯಜ್ದ್, ಮುಂಬಯಿ, ಮೈಸೂರು ನಾಲ್ಕೂ ಇವೆ. ಗೇರ್ ಲಿವರ್ರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯೋದು ನೋಡಿದವರು ಈಗಲೂ ಮರೆತಿರಲ್ಲ.

0.25, 1991

"ಮೂಡಿಗೆರೆ ಹತ್ತಿರ ಹಿಡಿದುಕೊಂಡಿತು. ಮೈಸೂರಿನಲ್ಲಿ ಬೋರಿಂಗ್. ಕಂಪನಿ ಪಿಸ್ಟನ್, ಅದೇ ದಿನ ಸಿಕ್ಕಿತು." ಅಪ್ಪನ ಆ ಕೊನೇ ಮೂರು ಪದ ಗಮನಿಸಿ. ಕಾರ್ಖಾನೆ ಊರಿನಲ್ಲೇ ಇತ್ತು. ಪಿಸ್ಟನ್ ಕೊಳ್ಳೋದು ಬೇಳೆ ಕೊಂಡಷ್ಟೇ ಸಲೀಸು.

ಆದರೆ ಅಷ್ಟರಲ್ಲಿ ಕಾಲ ತಿರುಗಿತ್ತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಮರುವರ್ಷ ಕವಾಸಾಕಿ ಬಜಾಜ್. ಎಲ್ಲವೂ 100 ಸಿಸಿ, ಹಗುರ. ಅದರಲ್ಲೂ ಹೀರೋ ಹೋಂಡಾ ಫೋರ್ ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ತಿಂಗಳ ಸಂಬಳದಲ್ಲಿ ಪೆಟ್ರೋಲ್ ಲೆಕ್ಕ ಹಾಕೋ ಗುಮಾಸ್ತನಿಗೆ 250 ಸಿಸಿಯ ಗಾಂಭೀರ್ಯ ಯಾಕೆ ಬೇಕು?

ಇನ್ನೊಂದು ಹೊಡೆತ ಹೊಗೆಯ ಕಾಯ್ದೆಯದು. ಟೂ ಸ್ಟ್ರೋಕ್‌ನಲ್ಲಿ ಹೊಸ ಪೆಟ್ರೋಲ್ ಒಳಗೆ ಬರೋ ಕಿಟಕಿ, ಹೊಗೆ ಹೊರಗೆ ಹೋಗೋ ಕಿಟಕಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಂದಿಷ್ಟು ಪೆಟ್ರೋಲ್ ಉರಿಯದೇ ಸೈಲೆನ್ಸರ್ ಪಾಲಾಗುತ್ತೆ, ಜೊತೆಗೆ ಆಯಿಲ್ ಹೊಗೆ. 1991ರಲ್ಲಿ ದೇಶದಲ್ಲಿ ಹೊಗೆಗೆ ಮಿತಿ ಬಂತು. 1996ರಲ್ಲಿ ಅದು ಬಿಗಿಯಾಯಿತು. ಅದೇ 1996ರಲ್ಲಿ ಯಾದವಗಿರಿ ಕಾರ್ಖಾನೆ ಮುಚ್ಚಿತು.

0.50, 1999 ಮತ್ತು 0.75, 2009

1999ರ ಟಿಪ್ಪಣಿ: "ಮೈಸೂರಲ್ಲಿ ಇಲ್ಲ. ಬೆಂಗಳೂರು ಜೆ.ಸಿ. ರಸ್ತೆ, ಮೂರನೇ ಅಂಗಡಿ. ಕಂಪನಿ ಮಾಲು ಕೊನೆಯದು ಅಂದರು." ಮುಚ್ಚಿ ಮೂರೇ ವರ್ಷ. ಕಾರ್ಖಾನೆಯಿಂದ ಹೊರಬಿದ್ದಿದ್ದ ಬಿಡಿಭಾಗಗಳು ಅಂಗಡಿಗಳ ಅಟ್ಟದ ಮೇಲೆ ಇನ್ನೂ ಉಳಿದಿದ್ದ ಕಾಲ ಅದು. ಎಂಜಿನ್ ಕಂಪನಿ ಮುಚ್ಚಿದರೂ ಎಂಜಿನ್ ಸಾಯಲ್ಲ. ಅಟ್ಟದ ಮೇಲಿನ ಮಾಲು ಖರ್ಚಾಗುತ್ತಾ ಹೋದಂತೆ ನಿಧಾನಕ್ಕೆ ಸಾಯುತ್ತೆ.

2009ರಲ್ಲಿ ಬರೆದಿದ್ದು: "ಹುಡುಗರ ಕ್ಲಬ್ಬಿನವರು ಕೊಟ್ಟರು. ದುಡ್ಡು ಕಡಿಮೆ ತಗೊಂಡರು. ಟೀ ಕುಡಿಸಿದೆ." ಅಷ್ಟರಲ್ಲಿ ನಮ್ಮಂಥವರು, ಐಟಿಯಲ್ಲಿ ಎರಡು ಕಾಸು ಕಂಡವರು, ಅಪ್ಪಂದಿರ ಗಾಡಿಗಳನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯೋಕೆ ಶುರು ಮಾಡಿದ್ದರು. ಬೆಂಗಳೂರಿನಲ್ಲಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ನೂರಾರು ಗಾಡಿ ಸೇರುತ್ತವೆ. ಕಂಪನಿ ಡೀಲರ್ ಮಾಡ್ತಿದ್ದ ಕೆಲಸವನ್ನು ಈಗ ಸ್ನೇಹಿತರ ಬಳಗ ಮಾಡ್ತಿತ್ತು.

2018ರಲ್ಲಿ ಮಹೀಂದ್ರಾ ಪಾಲಿರುವ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ವಾಪಸ್ ತಂದಿತು, 2022ರಲ್ಲಿ ಯೆಜ್ಡಿ ಹೆಸರನ್ನೂ. ಚೆನ್ನಾಗಿವೆ ಗಾಡಿಗಳು. ಆದರೆ ಅವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್. ಹೆಸರು ಮರಳಿ ಬಂತು, ನನಗೆ ಬೇಕಾದ ಪಿಸ್ಟನ್ ಬರಲಿಲ್ಲ.

ಅಂದರೆ ನನ್ನ ಲೆಕ್ಕ ಸ್ಪಷ್ಟವಾಗಿತ್ತು. ಉಳಿದಿದ್ದು 1.00, ಕೊನೇ ಹೆಜ್ಜೆ. ಅದು ಸಿಗದಿದ್ದರೆ, ಅಥವಾ ತಪ್ಪು ಪಿಸ್ಟನ್ ಹಾಕಿ ಮತ್ತೆ ಸೀಜ್ ಮಾಡಿಕೊಂಡರೆ, ಅಪ್ಪ ಓಡಿಸಿದ ಬೋರ್ ಅಲ್ಲಿಗೆ ಮುಗೀತು. ಹೊಸ ಸ್ಲೀವ್ ಕೂರಿಸಬಹುದು. ಆದರೆ ಟೂ ಸ್ಟ್ರೋಕ್‌ನಲ್ಲಿ ಸ್ಲೀವ್‌ಗೂ ಎಲ್ಲಾ ಕಿಟಕಿಗಳನ್ನು ಅದೇ ಎತ್ತರಕ್ಕೆ ಕೊರೆಯಬೇಕು. ಸ್ವಲ್ಪ ಹೆಚ್ಚುಕಡಿಮೆ ಆದರೂ ಎಂಜಿನ್ನಿನ ಗುಣವೇ ಬದಲಾಗುತ್ತೆ.

1.00: ಹುಡುಕಾಟ

ನಾಸಿಕ್ ಅಂದರೆ ನಮಗೆ ಪಂಚವಟಿ, ದ್ರಾಕ್ಷಿ. ಆದರೆ ಅದು ಯಂತ್ರದ ಊರೂ ಹೌದು. ಪಕ್ಕದ ಓಝರ್‌ನಲ್ಲಿ 1964ರಿಂದ ಎಚ್‌ಎಎಲ್ ಇದೆ, ಮಿಗ್-21 ತಯಾರಾಗಿದ್ದು ಅಲ್ಲೇ. ಸಾತಪುರದ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಬೆಂಗಳೂರಿನ ಮೈಕೋದ ಕಾರ್ಖಾನೆ ಇದೆ, ಈಗ ಬಾಷ್ ಅಂತಾರೆ. ಇಂಥ ಊರಿನಲ್ಲಿ ಲೇತ್ ಹಿಡಿದ ಒಳ್ಳೇ ಕೈಗಳಿಗೆ ಬರವಿಲ್ಲ. ಟೆಂಪೋದಲ್ಲಿ ಗಾಡಿ ತಂದು ಬಿಚ್ಚಿಸಿದ ಗ್ಯಾರೇಜಿನ ಕಾಕಾ ಸಾತಪುರದ ಒಬ್ಬ ಬೋರಿಂಗ್ ಮಿಸ್ತ್ರಿ ಹತ್ತಿರ ಕರೆದುಕೊಂಡು ಹೋದರು.

ನಾನು ಅವಸರದಲ್ಲಿ, "ಒಂದು ಮಿಲಿಮೀಟರ್ ಬೋರ್ ಮಾಡಿಬಿಡಿ, ಪಿಸ್ಟನ್ ಆಮೇಲೆ ತರ್ತೀನಿ" ಅಂದೆ. ಆ ಹಿರಿಯರು ಬ್ಯಾರೆಲ್ಲನ್ನು ವಾಪಸ್ ನನ್ನ ಕೈಗಿಟ್ಟು ನಕ್ಕರು. ಮೊದಲು ಕಾಲು ತೋರಿಸು, ಆಮೇಲೆ ಚಪ್ಪಲಿ ಹೊಲಿಯೋಣ ಅನ್ನೋ ಅರ್ಥದ ಮಾತು ಹೇಳಿದರು. ನಿಮ್ಮಲ್ಲಿ ಯಾರಾದರೂ ಹಳೇ ಗಾಡಿ ಇಟ್ಟಿದ್ದರೆ ಇದೊಂದು ಮಾತು ನೆನಪಿಡಿ. ಪಿಸ್ಟನ್ ಕೈಗೆ ಬರೋ ತನಕ ಬೋರ್ ಮಾಡಿಸಬೇಡಿ. 66.00 ಅಂತ ಬರೆದಿರೋ ಎರಡು ಪಿಸ್ಟನ್ ನಿಜದಲ್ಲಿ ಒಂದೇ ಅಳತೆ ಇರಬೇಕೆಂದಿಲ್ಲ. ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಗೋಡೆ ಕೆತ್ತಬೇಕು.

ಹುಡುಕೋಕೆ ಶುರು ಮಾಡಿದೆ. ಪುಣೆಯ ನಾನಾ ಪೇಟೆಯಲ್ಲಿ ಸ್ಟ್ಯಾಂಡರ್ಡ್ ಇತ್ತು, 0.50 ಇತ್ತು, 1.00 ಇಲ್ಲ. ಜೆ.ಸಿ. ರಸ್ತೆಗೆ ಗೆಳೆಯನನ್ನು ಕಳಿಸಿದೆ, ಅಪ್ಪ ಬರೆದಿದ್ದ ಆ ಮೂರನೇ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಚೆಕ್ ದೇಶದಲ್ಲಿ ಹಳೇ ಜಾವಾಗಳಿಗೆ ಇವತ್ತಿಗೂ ಹೊಸ ಪಿಸ್ಟನ್ ತಯಾರಾಗುತ್ತವೆ. ಆದರೆ ಮೂಲ ಒಂದೇ ಆದರೂ ಮೈಸೂರಿನವರು ದಶಕಗಳ ಕಾಲ ತಮ್ಮ ದಾರಿಯಲ್ಲಿ ಬದಲಾವಣೆ ಮಾಡ್ತಾ ಬಂದಿದ್ದರು. 65 ಹೊಂದಿತು ಅಂತ ಎಲ್ಲವೂ ಹೊಂದುತ್ತೆ ಅನ್ನೋ ಭರವಸೆ ಇಲ್ಲ. ದೊಡ್ಡ ಪಿಸ್ಟನ್ ಕಂಪನಿಗಳನ್ನು ಕೇಳೋ ಹಾಗೂ ಇಲ್ಲ. ಪಿಸ್ಟನ್ ಮಾಡೋದು ಅಚ್ಚಿಗೆ ಲೋಹ ಸುರಿದು. ಆ ಅಚ್ಚಿನ ಖರ್ಚು ಸಾವಿರಾರು ಪಿಸ್ಟನ್‌ಗಳ ಮೇಲೆ ಹಂಚಿದರೆ ಮಾತ್ರ ಗಿಟ್ಟುತ್ತೆ. ಒಂದು ಪಿಸ್ಟನ್ ಬೇಕಾದವನನ್ನು ಯಾರು ಕೇಳ್ತಾರೆ?

ಕೊನೆಗೆ ಕಾಕಾ ಹೇಳಿದರು, ಸಂಭಾಜಿನಗರದಲ್ಲಿ ಒಂದು ಹಳೇ ಅಂಗಡಿ ಇದೆ ಅಂತ. ಔರಂಗಾಬಾದ್ ಅಂತಿದ್ದ ಊರು. 52 ಬಾಗಿಲುಗಳ ಊರು ಅಂತಾರೆ. ಹೋಗೋ ದಾರಿಯಲ್ಲಿ ವಾಳೂಜ್ ಸಿಗುತ್ತೆ. 1985ರಲ್ಲಿ ಬಜಾಜ್ ಅಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಬಸ್ಸಿನ ಕಿಟಕಿಯಿಂದ ಆ ಕಾಂಪೌಂಡ್ ನೋಡ್ತಾ ನಗು ಬಂತು. ಹೊಸ ಕಾಲದ ಮೋಟಾರ್‌ಸೈಕಲ್‌ಗಳಿಂದ ಬೆಳೆದ ಊರಿಗೆ, ಆ ಹೊಸ ಕಾಲಕ್ಕೆ ಸೋತ ಗಾಡಿಯ ಪಿಸ್ಟನ್ ಹುಡುಕ್ಕೊಂಡು ಹೋಗ್ತಿದ್ದೆ.

ಅಂಗಡಿಯವರು ಎರಡು ಪಿಸ್ಟನ್ ಮುಂದಿಟ್ಟರು. ಒಂದು ಹೊಳೆಯೋ ಪೆಟ್ಟಿಗೆಯಲ್ಲಿತ್ತು, ಮೇಲೆ 'ಒರಿಜಿನಲ್' ಅನ್ನೋ ಚೀಟಿ. ಇನ್ನೊಂದಕ್ಕೆ ಪೆಟ್ಟಿಗೆಯೇ ಇಲ್ಲ, ಗ್ರೀಸ್ ಹಚ್ಚಿ ಹಳೇ ಉರ್ದು ಪೇಪರಿನಲ್ಲಿ ಸುತ್ತಿಟ್ಟಿದ್ದು. ನನ್ನ ಕೈ ತಾನಾಗೇ ಪೆಟ್ಟಿಗೆ ಕಡೆ ಹೋಯಿತು. ಬೋರಿಂಗ್ ಮಿಸ್ತ್ರಿ ಹೇಳಿಕೊಟ್ಟಿದ್ದು ನೆನಪಾಗಿ, ಮೈಕ್ರೋಮೀಟರ್ ಕೇಳಿದೆ.

ಒಳ್ಳೇ ಪಿಸ್ಟನ್ ತಣ್ಣಗಿದ್ದಾಗ ಪೂರ್ತಿ ದುಂಡಗಿರಲ್ಲ. ಪಿನ್ ಕೂರುವ ದಿಕ್ಕಿನಲ್ಲಿ ಲೋಹ ದಪ್ಪ, ಬಿಸಿಯಾದಾಗ ಅಲ್ಲಿ ಹೆಚ್ಚು ಹಿಗ್ಗುತ್ತೆ. ಅದಕ್ಕೇ ಆ ದಿಕ್ಕಿನಲ್ಲಿ ಸ್ವಲ್ಪ ಕಡಿಮೆ ಇಟ್ಟು ಮೊಟ್ಟೆಯಾಕಾರಕ್ಕೆ ತಿರುವಿರ್ತಾರೆ. ತಲೆ ಹೆಚ್ಚು ಬಿಸಿಯಾಗೋದರಿಂದ ಮೇಲ್ಭಾಗ ಸಣ್ಣ, ಕೆಳಗೆ ಅಗಲ. ಬಿಸಿ ಏರಿದಾಗ ಅದು ಸರಿಯಾದ ಆಕಾರಕ್ಕೆ ಬರುತ್ತೆ. ಅಲ್ಯೂಮಿನಿಯಂಗೆ ಸಿಲಿಕಾನ್ ಬೆರೆಸಿ ಹಿಗ್ಗೋದನ್ನು ತಗ್ಗಿಸಿರ್ತಾರೆ. ರಿಂಗ್ ಕೂರುವ ಗಾಡಿಯಲ್ಲಿ ಒಂದು ಸಣ್ಣ ಮೊಳೆ ಇರುತ್ತೆ, ರಿಂಗ್ ತಿರುಗಿ ಅದರ ತುದಿ ಕಿಟಕಿಗೆ ಸಿಕ್ಕಿ ಮುರಿಯದಿರಲಿ ಅಂತ. ಟೂ ಸ್ಟ್ರೋಕ್‌ನಲ್ಲಿ ಆ ಮೊಳೆ ಇರೋ ಜಾಗ ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ.

'ಒರಿಜಿನಲ್' ಚೀಟಿಯ ಪಿಸ್ಟನ್ ಎರಡೂ ದಿಕ್ಕಿನಲ್ಲಿ ಒಂದೇ ಅಳತೆ ತೋರಿಸಿತು. ಪೂರ್ತಿ ದುಂಡಗೆ. ನೋಡೋಕೆ ಚೆಂದ, ಬಿಸಿಯಾದರೆ ಪಿನ್ ಪಕ್ಕದಲ್ಲಿ ಕಚ್ಚಿಕೊಳ್ಳೋದು ಖಂಡಿತ. ಪೇಪರಿನಲ್ಲಿ ಸುತ್ತಿದ್ದು ಮೊಟ್ಟೆಯಾಕಾರದಲ್ಲಿತ್ತು, ಮೇಲೆ ಸಣ್ಣ, ಕೆಳಗೆ ಅಗಲ. ಅಪ್ಪನ ಹಳೇ ಪಿಸ್ಟನ್ ಪಕ್ಕದಲ್ಲಿಟ್ಟು ನೋಡಿದೆ: ಪಿನ್ ತೂತಿನಿಂದ ತಲೆಯವರೆಗಿನ ಎತ್ತರ, ಸ್ಕರ್ಟಿನ ಕಿಟಕಿ, ರಿಂಗ್ ಮೊಳೆ ಎಲ್ಲಾ ಹೊಂದಿತು. ಯಾರು ಮಾಡಿದ್ದು ಅಂತ ಅದರ ಮೇಲೆ ಒಂದಕ್ಷರ ಇರಲಿಲ್ಲ.

ಆಗ ನನಗೆ ಹೊಳೆದಿದ್ದು ಇಷ್ಟು. ನಾವು 'ಒರಿಜಿನಲ್' ಅಂತ ಯಾವುದನ್ನು ಹುಡುಕ್ತೀವಿ? ಮೈಸೂರಿನ ಗಾಡಿ ಚೆಕ್ ಗಾಡಿಯ ನಕಲಿನಿಂದ ಶುರುವಾಯಿತು. ಚೆಕ್ ಗಾಡಿ ಶುರುವಾಗಿದ್ದು ಜರ್ಮನಿಯಿಂದ ಕೊಂಡ ಹಕ್ಕಿನಿಂದ. ಕಂಪನಿ ಹೋಗಿ ಸುಮಾರು 30 ವರ್ಷ ಆದರೂ ಈ ಗಾಡಿಗಳು ಓಡ್ತಿವೆ ಅಂದರೆ, ಹೆಸರಿಲ್ಲದ ಯಾರೋ ಒಬ್ಬರು ಸರಿಯಾದ ಅಳತೆಯನ್ನು ಕದಲದೆ ಹಿಡಿದು ಮುಂದಕ್ಕೆ ಕೊಟ್ಟಿದ್ದಾರೆ. ಕೈಗಾರಿಕೆಯ ಇತಿಹಾಸ ಬರೆಯುವಾಗ ನಾವು ಉದ್ಘಾಟನೆ, ಬೀಗಮುದ್ರೆ ಎರಡು ದಿನಾಂಕ ಬರೆದು ಮುಗಿಸ್ತೀವಿ. ಆಮೇಲಿನ 30 ವರ್ಷ ಲೇತ್ ಮುಂದೆ ನಿಂತವರ, ಅಟ್ಟದಲ್ಲಿ ಮಾಲು ಕಾದಿಟ್ಟವರ ಇತಿಹಾಸ. ಅವರ ಹೆಸರು ಯಾವ ಪುಟದಲ್ಲೂ ಇಲ್ಲ.

ಎರಡು ಪುಸ್ತಕ

ಶ್ರಾದ್ಧದ ದಿನ ನಾನು ನಾಸಿಕ್‌ಗೂ ತ್ರ್ಯಂಬಕಕ್ಕೂ ಎಸ್‌ಟಿ ಬಸ್ಸಿನಲ್ಲೇ ಓಡಾಡಿದ್ದೆ. ಅಲ್ಲಿನ ಪುರೋಹಿತರು ತಲೆಮಾರುಗಳಿಂದ ಯಾತ್ರಿಕರ ವಂಶಾವಳಿ ಬರೆದಿಡ್ತಾರೆ, ಊರು-ಊರಿನ ಲೆಕ್ಕದಲ್ಲಿ. ಉದ್ದನೆಯ ಪುಸ್ತಕ ತೆಗೆದು ನಮ್ಮ ಊರು ಕೇಳಿದರು, ಅಪ್ಪನ ಹೆಸರು ಬರೆದುಕೊಂಡರು, ಕೆಳಗೆ ನನ್ನ ಸಹಿ ಹಾಕಿಸಿದರು.

ಮೂರು ವಾರದ ನಂತರ ಪಿಸ್ಟನ್ ಸಾತಪುರಕ್ಕೆ ತಲುಪಿಸಿದೆ. ಮಿಸ್ತ್ರಿ ಅದನ್ನು ಅಳೆದು, ಒಂದು ಬೀಡಿ ಸೇದಿ, ಮತ್ತೆ ಅಳೆದು, ಬೋರ್ ಮಾಡಿದರು. 66 ಮಿಲಿಮೀಟರ್. ಅಪ್ಪನ 249 ಸಿಸಿ ಗಾಡಿ ಈಗ ಸುಮಾರು 257 ಸಿಸಿ. ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಪುಣೆಯ ತನಕ 40ರ ಮೇಲೆ ಹೋಗಲಿಲ್ಲ, ಹೊಸ ಪಿಸ್ಟನ್ ಕೂರೋ ತನಕ ಅವಸರ ಮಾಡಬಾರದು. ನಾರಾಯಣಗಾಂವ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಫೋನ್ ಸ್ವಿಚ್ ಆಫ್ ಮಾಡಿದ್ದೆ. ಲೀಟರಿಗೆ 40 ಎಂಎಲ್ ಅಳೆದು ಸುರಿದೆ.

ಮನೆಗೆ ಬಂದು ನೋಟ್‌ಬುಕ್ ತೆಗೆದು ಅಪ್ಪನ ಸಾಲಿನ ಕೆಳಗೆ ನನ್ನ ಸಾಲು ಬರೆದೆ: "1.00. ಅಂಜನೇರಿ ಹತ್ತಿರ ಹಿಡಿದುಕೊಂಡಿತು. ತಪ್ಪು ನನ್ನದು. ಬೋರಿಂಗ್ ನಾಸಿಕ್, ಪಿಸ್ಟನ್ ಸಂಭಾಜಿನಗರ."

ಅಮ್ಮ ಓದಿ, "ಟೀ ಕುಡಿಸ್ದಾ ಅವ್ರಿಗೆ?" ಅಂದರು. ಕುಡಿಸಿದ್ದೆ. ಅದನ್ನೂ ಸೇರಿಸಿದೆ.

ನಿಮ್ಮ ಊರಿನ ಮನೆಯಲ್ಲಿ ಹಳೇ ಗಾಡಿ ಇದ್ದರೆ, ಅದರ ಜೊತೆಗಿರೋ ಬಿಲ್ಲು, ಚೀಟಿ, ನೋಟ್‌ಬುಕ್ಕನ್ನು ಗುಜರಿಗೆ ಹಾಕಬೇಡಿ. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ತೆಗೆದು ಓದಿ. ಮುಂದಿನ ವಾರ ಸಿಗೋಣ, ನಮಸ್ಕಾರ.